ಮದರಂಗಿಯ ಅಕ್ಷರ

ನಮಿತಾಳಿಗೆ ಹೊಟ್ಟೆಕಿಚ್ಚು ಎಂಬುದೇ ಇಲ್ಲ ಎಂದು ಅವಳನ್ನು ಬಲ್ಲವರೆಲ್ಲ ಹೇಳುತ್ತಿದ್ದರು. ಅದು ನಿಜವೂ ಆಗಿತ್ತು. ತಂಗಿ ಎರಡಂತಸ್ತಿನ ಮನೆ ಕಟ್ಟಿಸಿದಾಗ ಮನೆಯೊಕ್ಕಲಿಗೆ ಮೂರು ದಿನ ಮೊದಲೇ ಹೋಗಿ ಸೊಂಟ ಕಟ್ಟಿ ದುಡಿದವಳು ಅವಳು. ಅಂಥವಳು ಒಂದು ಸಂಜೆ ಕಾಂಪೌಂಡಿನ ಕೆಂಪುಕಲ್ಲಿನ ಗೋಡೆಯ ಪಕ್ಕ ನಿಂತು, ಆಚೆ ಮನೆಯ ಎದುರು ಜಗಲಿಯ ಸಿಟೌಟಿನಲ್ಲಿ ಕೂತ ಹೆಂಗಸಿನ ತೋಳು ನೋಡಿ ಒಳಗೊಳಗೇ ಉರಿದುಹೋದಳು. ಆ ತೋಳಿನ ಮೇಲೆ ಒಂದು ‘ಅ’ ಇತ್ತು, ಪಕ್ಕದಲ್ಲಿ ಒಂದು ‘ಈ’ ಇತ್ತು. ಬರೆಯುತ್ತಿದ್ದವಳು ನಮಿತಾಳ ಮಗಳು ಅಕ್ಷಯಾ, ಮನೆಯಲ್ಲಿ ಅಚ್ಚು.

ಎರಡಕ್ಷರಕ್ಕೆ ಇಷ್ಟು ಉರಿಯುವುದೇ ಎಂದು ನೀವು ಕೇಳಬಹುದು. ನಮಿತಾ ಹದಿನಾಲ್ಕು ವರ್ಷ ಒಂದನೇ ಕ್ಲಾಸಿಗೆ ಕನ್ನಡ ಕಲಿಸಿದವಳು. ಮನೆಯಲ್ಲಿ ತುಳು, ಬ್ಯಾರಿ, ಮಲಯಾಳ ಆಡುವ ಮಕ್ಕಳು ಕೂಡ ಅವಳ ಕೈಗೆ ಸಿಕ್ಕಿ ಆರು ತಿಂಗಳಾದರೆ ಉಪ್ಪಳ ಪೇಟೆಯ ಕನ್ನಡ ಬೋರ್ಡುಗಳನ್ನೆಲ್ಲ ಓದಿಬಿಡುತ್ತಿದ್ದವು. ಹೊಟ್ಟೆಯಲ್ಲಿ ಹುಟ್ಟಿದ ಅಕ್ಷಯಾ ಮಾತ್ರ ಮೂರನೇ ಕ್ಲಾಸಿಗೆ ಬಂದರೂ ತನ್ನ ಹೆಸರು ಬರೆಯಲಾರಳು. ದೀಪದ ಬುಡದಲ್ಲಿ ಕತ್ತಲೆ ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಅಂದದ್ದು ಅವಳ ಕಿವಿಗೂ ಬಿದ್ದಿತ್ತು. ಮಂಗಳೂರಿನ ಡಾಕ್ಟರು ಡಿಸ್ಲೆಕ್ಸಿಯಾ ಎಂದರು. ಬುದ್ಧಿಗೆ ಯಾವ ಕೊರತೆಯೂ ಇಲ್ಲ, ಅಕ್ಷರ ಮಾತ್ರ ಅವಳ ಹಿಡಿತಕ್ಕೆ ಸಿಗುವುದಿಲ್ಲ, ಅವಳದೇ ದಾರಿಯಲ್ಲಿ ನಿಧಾನವಾಗಿ ಕಲಿಸಬೇಕು ಎಂದರು. ನಮಿತಾ ‘ನಿಧಾನ’ ಎಂಬುದನ್ನು ಕೇಳಿಸಿಕೊಂಡಳು. ‘ಅವಳದೇ ದಾರಿ’ ಎಂಬುದನ್ನು ಅಲ್ಲೇ ಬಿಟ್ಟು ಬಂದಳು.

ಜೂನಿನಲ್ಲಿ ಒಂದು ವರ್ಷ ಸಂಬಳವಿಲ್ಲದ ರಜೆ ಹಾಕಿ, ಮಗಳನ್ನು ಶಾಲೆ ಬಿಡಿಸಿ, ತಾನೇ ಮನೆಯಲ್ಲಿ ಕೂರಿಸಿ ಕಲಿಸಲು ಶುರುಮಾಡಿದಳು. ಗಂಡ ಈಶ್ವರಪ್ರಸಾದ ಸಹಕಾರಿ ಸಂಘದಲ್ಲಿ ಗುಮಾಸ್ತ, ಮಾತು ಕಮ್ಮಿ; ನಿನಗೆ ಸರಿ ಕಂಡ ಹಾಗೆ ಮಾಡು ಅಂದ. ಊಟದ ಕೋಣೆಯ ಗೋಡೆಗೆ ಟೈಮ್‌ಟೇಬಲ್ ಅಂಟಿತು. ಈ ಹುಡುಗಿ ಬರೆಯುವ ಮೊದಲ ಶಬ್ದ ನಾನು ಕಲಿಸಿದ್ದೇ ಆಗಿರಬೇಕು, ಬೇರೆ ಯಾರೂ ಕಲಿಸಿದ್ದು ಆಗಬಾರದು ಎಂದು ನಮಿತಾ ದೇವರ ಮುಂದೆ ನಿಂತು ಹೇಳಿಕೊಂಡಿದ್ದಳು. ದೇವರು ಏನು ಅಂದುಕೊಂಡನೋ ಗೊತ್ತಿಲ್ಲ. ಜನವರಿಯ ಹೊತ್ತಿಗೆ ನಾಲ್ಕು ಗೆರೆ ಕಾಪಿ ಪುಸ್ತಕ ಕಂಡರೆ ಸಾಕು, ಹುಡುಗಿಗೆ ಹೊಟ್ಟೆನೋವು ಬರುತ್ತಿತ್ತು.

ಸಂಜೆ ನಾಲ್ಕರಿಂದ ಐದರವರೆಗೆ ಟೈಮ್‌ಟೇಬಲಿನಲ್ಲಿ ‘ಆಟ’ ಎಂದಿತ್ತು. ಆ ಹೊತ್ತಿಗೆ ಅಕ್ಷಯಾ ಆಚೆ ಮನೆಯ ರಂಶೀನಾಳ ಹತ್ತಿರ ಓಡುತ್ತಿದ್ದಳು. ರಂಶೀನಾಳ ಗಂಡ ನೌಷಾದ್ ಶಾರ್ಜಾದಲ್ಲಿ. ಅವಳು ಮಲಯಾಳ ಮೀಡಿಯಮ್ಮಿನಲ್ಲಿ ಪ್ಲಸ್ ಟೂ ಓದಿದವಳು, ಕನ್ನಡ ಮಾತಾಡುತ್ತಾಳೆ, ಅಕ್ಷರ ಒಂದೂ ತಿಳಿಯದು. ಮದುವೆಮನೆಗಳಿಗೆ ಹೋಗಿ ಮದುಮಗಳ ಕೈಗೆ ಮದರಂಗಿ, ಅವಳ ಬಾಯಲ್ಲಿ ಮೈಲಾಂಜಿ, ಹಾಕುವುದು ಅವಳ ಕೆಲಸ. ಎಲೆಯ ಪುಡಿಗೆ ನಿಂಬೆಹುಳಿ, ಸಕ್ಕರೆ, ನೀಲಗಿರಿ ಎಣ್ಣೆ ಹಾಕಿ ತಾನೇ ಕಲಸಿ, ಒಂದು ರಾತ್ರಿ ಇಟ್ಟು, ಮರುದಿನ ಪ್ಲಾಸ್ಟಿಕ್ ಹಾಳೆ ಸುತ್ತಿ ಕೋನ್ ಮಾಡುತ್ತಾಳೆ. ಅಕ್ಷಯಾಳಿಗೂ ಒಂದು ಸಣ್ಣ ಕೋನ್ ಮಾಡಿ ಕೊಡುತ್ತಿದ್ದಳು. ಬಳ್ಳಿ ಬಿಡಿಸುತ್ತಾ ಕೂತಿರಬೇಕು ಎಂದು ನಮಿತಾ ಎಣಿಸಿದ್ದಳು. ಫೆಬ್ರವರಿಯ ಆ ಸಂಜೆಯವರೆಗೆ.

ಗೋಡೆಯ ಈಚೆಯಿಂದಲೇ ಕೇಳಿದಳು, ಇದೆಂತ ಮಾಡುತ್ತಿದ್ದೀರಿ ಎಂದು. ರಂಶೀನಾ ಸಂತೋಷದಿಂದ ತೋಳು ಎತ್ತಿ ತೋರಿಸಿದಳು.

“ಇದು ಯಾವ ಅಕ್ಷರ ಅಂತ ನಂಗೆ ಗೊತ್ತಿಲ್ಲ ಟೀಚರೇ. ಅವಳೇ ನಂಗೆ ಹೇಳಿಕೊಡುವುದು. ನಾನು ತಪ್ಪು ಹೇಳಿದ್ರೆ ಬೈತಾಳೆ.”

ಮಗಳು ನಗುತ್ತಿದ್ದಳು. ಎಂಟು ತಿಂಗಳಲ್ಲಿ ಅಮ್ಮನ ಎದುರು ಅಕ್ಷರ ಹಿಡಿದು ಒಮ್ಮೆಯೂ ನಗದ ಹುಡುಗಿ. ಅ ಎಲ್ಲಿಂದ ಶುರು, ಎಲ್ಲಿ ಸುತ್ತಿ ಎಲ್ಲಿ ಮುಗಿಯುತ್ತದೆ ಎಂದು ರಂಶೀನಾಳಿಗೆ ಗತ್ತಿನಿಂದ ವಿವರಿಸುತ್ತಿದ್ದಳು. ನಮಿತಾ ಒಳ್ಳೆಯದಾಯಿತು ಎಂದು ಹೇಳಿ ಒಳಗೆ ಬಂದು, ಒಲೆಯ ಮೇಲಿದ್ದ ಹಾಲು ಉಕ್ಕಿ ಚೆಲ್ಲಿದ್ದಕ್ಕೆ ಹಾಲಿಗೇ ಬೈದಳು. ಆಮೇಲೆ ಲೆಕ್ಕ ಹಾಕಿ ಸಮಾಧಾನ ತಂದುಕೊಂಡಳು: ಅಕ್ಷರ ತಾನೇ, ಬಿಡಿ ಅಕ್ಷರ. ಶಬ್ದ ಇನ್ನೂ ನನ್ನದೇ.

ಸಮಾಧಾನ ಮೂರು ದಿನ ನಿಂತಿತು. ನಾಲ್ಕನೇ ದಿನ ಪಾಠದ ಹೊತ್ತಿಗೆ ಅಕ್ಷಯಾ, ರಂಶೀತ್ತ ಹೀಗೆ ಹೇಳುವುದಿಲ್ಲ ಅಂದಳು. ಇತ್ತ ಎಂದರೆ ಅಕ್ಕ. ಆ ‘ತ್ತ’ ಕೇಳಿದ್ದೇ ಕೇಳಿದ್ದು, ನಮಿತಾಳ ಒಳಗಿನ ಕೆಂಡಕ್ಕೆ ತುಪ್ಪ ಬಿತ್ತು. ಸಂಜೆಯ ‘ಆಟ’ಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಳು. ರಂಶೀನಾ ಕೇಳಿದಾಗ ಗೋಡೆಯ ಮೇಲಿಂದ ನಗುನಗುತ್ತಲೇ ಒಂದು ಸುಳ್ಳು ಹೇಳಿದಳು, ಅಚ್ಚುವಿಗೆ ಓದಲು ತುಂಬ ಉಂಟು, ಇನ್ನು ಪುರುಸೊತ್ತು ಇಲ್ಲ ಎಂದು. ರಂಶೀನಾ ಸರಿ ಟೀಚರೇ ಎಂದಳು. ಕೋನ್ ಕೈಯಲ್ಲೇ ಇತ್ತು.

ಇಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಹೊಟ್ಟೆಕಿಚ್ಚು ಬರೀ ಬಾಗಿಲು ಹಾಕಿ ಸುಮ್ಮನಾಗುವ ಜಾತಿಯದಲ್ಲ. ಆಚೆಯವಳು ಮಾಡಿದ್ದನ್ನು ನಾನು ಇನ್ನೂ ಚೆನ್ನಾಗಿ ಮಾಡಿ ತೋರಿಸುತ್ತೇನೆ ಎನ್ನುತ್ತದೆ. ನಮಿತಾ ಬಸ್ಸು ಹತ್ತಿ ಪೇಟೆಗೆ ಹೋಗಿ, ಫ್ಯಾನ್ಸಿ ಅಂಗಡಿಯಲ್ಲಿ ಹೆಸರು ಕೇಳದ ಯಾವುದೋ ಕಂಪೆನಿಯ, ಐದೇ ನಿಮಿಷದಲ್ಲಿ ಕಪ್ಪು ಬಣ್ಣ ಬರುವ ಕೋನ್ ತಂದಳು. ರಾತ್ರಿಯಿಡೀ ಕಲಸಿಡುವುದೆಲ್ಲ ಯಾರಿಗೆ ಬೇಕು? ಮಗಳನ್ನು ಕೂರಿಸಿ, ಬಲಗೈ ಹಿಡಿದು, ಕೈಯ ಹಿಂಭಾಗದ ತುಂಬ ಅ ಆ ಇ ಈ ಬರೆದಳು. ಟೀಚರ ಅಕ್ಷರ, ಗುಂಡಗೆ, ಅಚ್ಚುಕಟ್ಟಾಗಿ. ರಂಶೀನಾ ಬರೆಯಿಸಿಕೊಳ್ಳಲು ತನ್ನ ತೋಳು ಕೊಟ್ಟಿದ್ದಳು, ತಾನು ಬರೆಯಲು ಮಗಳ ಕೈ ಎಳೆದುಕೊಂಡೆ ಎಂಬುದು ಆಗ ಅವಳಿಗೆ ಹೊಳೆಯಲಿಲ್ಲ. ಅಮ್ಮ, ಉರಿಯುತ್ತದೆ ಎಂದು ಹುಡುಗಿ ಎರಡು ಸಲ ಹೇಳಿದಳು. ಪಾಠ ತಪ್ಪಿಸುವ ನೆವ ಎಂದು ಇವಳು ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಒಂದೊಂದು ಅಕ್ಷರವೂ ಒಂದೊಂದು ಬೊಕ್ಕೆ. ಅ ಎದ್ದು ನಿಂತಿತ್ತು, ಈಯಿಂದ ನೀರು ಇಳಿಯುತ್ತಿತ್ತು. ಡಾಕ್ಟರು ಅದು ಮದರಂಗಿಯೇ ಅಲ್ಲ, ಕೂದಲಿಗೆ ಹಾಕುವ ಬಣ್ಣ ಎಂದು ಬೈದು, ಮುಲಾಮು ಹಚ್ಚಿ ಬ್ಯಾಂಡೇಜು ಸುತ್ತಿದರು. ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಮಗಳಿಗೆ ನಿದ್ದೆ ಹತ್ತಿದ ಮೇಲೆ ಈಶ್ವರಪ್ರಸಾದ ಹೇಳಿದ.

“ಅವಳು ಕಲಿಯಬೇಕು ಅಂತ ಉಂಟಾ ನಿನಗೆ, ಅಲ್ಲ ನೀನು ಕಲಿಸಿದ್ದು ಅಂತ ಆಗಬೇಕಾ? ಅದನ್ನು ಒಮ್ಮೆ ನೋಡಿಕೊ ಮಾರಾಯ್ತಿ.”

ಉತ್ತರ ನಮಿತಾಳಿಗೆ ಗೊತ್ತಿತ್ತು, ಅದೇ ತೊಂದರೆ.

ಕೈ ವಾಸಿಯಾಗಲು ತಿಂಗಳಾಯಿತು. ವಾಸಿಯಾದ ಮೇಲೂ ಅಕ್ಷಯಾ ಪೆನ್ಸಿಲು ಮುಟ್ಟಲಿಲ್ಲ. ಬೈದರೆ ಕೈಯನ್ನು ಫ್ರಾಕಿನೊಳಗೆ ಅಡಗಿಸುತ್ತಿದ್ದಳು. ಎಪ್ರಿಲ್ ಹೋಯಿತು, ಮೇ ಅರ್ಧ ಹೋಯಿತು, ಜೂನ್ ಒಂದಕ್ಕೆ ರಜೆ ಮುಗಿಯುತ್ತದೆ, ಒಂದು ಶಬ್ದವೂ ಇಲ್ಲ. ಕೈಯಲ್ಲಿದ್ದ ನಾಲ್ಕು ಅಕ್ಷರವನ್ನೂ ತಾನೇ ಸುಟ್ಟುಹಾಕಿದೆ ಎಂದು ನಮಿತಾ ಬಚ್ಚಲಿನ ನಲ್ಲಿ ಬಿಟ್ಟು ಅತ್ತಳು. ಅಳುವಾಗಲೂ ರಂಶೀನಾಳ ಮೇಲೆ ಸಿಟ್ಟು ಇತ್ತು. ಅವಳು ಒಂದು ಮಾತು ಆಡಿ ಬೈದಿದ್ದರೆ ಜಗಳವಾದರೂ ಮಾಡಬಹುದಿತ್ತು. ಅವಳೋ, ಕೈ ಸುಟ್ಟ ಸುದ್ದಿ ಕೇಳಿದ ದಿನ ತನ್ನ ಹಿತ್ತಲಿನ ಲೋಳೆಸರ ಕಿತ್ತು ಗೋಡೆಯ ಮೇಲೆ ಇಟ್ಟು ಹೋಗಿದ್ದಳು. ಊರಿಗೆಲ್ಲ ಒಳ್ಳೆಯವಳು ಎನ್ನಿಸಿಕೊಳ್ಳುವುದೂ ಅವಳಿಗೇ ಬೇಕು.

ಮೇ ಇಪ್ಪತ್ತರಂದು ನಮಿತಾ ಗೇಟು ದಾಟಿ ಆಚೆ ಮನೆಗೆ ಹೋದಳು. ಇಪ್ಪತ್ತು ಹೆಜ್ಜೆ ಅಷ್ಟೆ. ಪುರುಸೊತ್ತು ಇಲ್ಲ ಎಂದದ್ದು ಸುಳ್ಳು, ನನಗೆ ತಡೆಯಲು ಆಗಲಿಲ್ಲ ಎಂದು ಹೇಳಿಯೇಬಿಟ್ಟಳು. ರಂಶೀನಾ ತಲೆಯ ಶಾಲು ಸರಿಮಾಡಿಕೊಂಡು, ಕೂತುಕೊಳ್ಳಿ ಟೀಚರೇ ಎಂದಳು. ಆಮೇಲೆ, ನಾಳೆ ಅವಳನ್ನು ಕರ್ಕೊಂಡು ಬನ್ನಿ, ಇವತ್ತು ಮೈಲಾಂಜಿ ಕಲಸಿಡ್ತೇನೆ ಎಂದಳು.

ಮರುದಿನ ನಾಲ್ಕಕ್ಕೆ ಮೂವರೂ ಸಿಟೌಟಿನಲ್ಲಿ ಕೂತರು. ಕೋನ್ ಕಂಡು ಅಕ್ಷಯಾ ಕೈ ಹಿಂದಕ್ಕೆ ಎಳೆದಳು. ರಂಶೀನಾ ತನ್ನ ತೋಳಿನ ಬಟ್ಟೆ ಮೇಲೆ ಸರಿಸತೊಡಗಿದಳು. ಅಷ್ಟರಲ್ಲಿ ನಮಿತಾ ತನ್ನ ಅಂಗೈ ಮಗಳ ಮುಂದೆ ಚಾಚಿದಳು.

“ನನಗೆ ಬರಿ ಅಚ್ಚು. ಎಂತ ಬೇಕಾದ್ರೂ ಬರಿ.”

ಹುಡುಗಿ ಆ ಕೈ ನೋಡಿದಳು, ಅಮ್ಮನ ಮುಖ ನೋಡಿದಳು, ಕೋನ್ ತೆಗೆದುಕೊಂಡಳು. ಪುಸ್ತಕ ಕೇಳಲಿಲ್ಲ; ಎಂಟು ತಿಂಗಳು ಕೇಳಿ ತಿದ್ದಿದ್ದೆಲ್ಲ ಒಳಗೆಲ್ಲೋ ಉಳಿದಿತ್ತು. ನಾಲಗೆ ಹೊರಗೆ ಹಾಕಿ, ಉಸಿರು ಹಿಡಿದು, ಒಂದು ಸುತ್ತು ಸುತ್ತಿ ನಿಲ್ಲಿಸಿ ಇನ್ನೊಂದು ಸುತ್ತಿದಳು. ಅಂಗೈ ತಣ್ಣಗಾಗುತ್ತಾ ಬಂತು. ಅಮ್ಮ ಎಂದು ಬರೆಯುತ್ತಾಳೆ ಎಂದು ನಮಿತಾ ಎಣಿಸಿದಳು. ಅಮ್ಮ ಎಂದರೆ ಎರಡೇ ಅಕ್ಷರ. ಹುಡುಗಿ ಮೂರು ಬರೆದಳು.

ರಂಶೀನಾ ಬಗ್ಗಿ ನೋಡಿ, ಚಂದ ಉಂಟು ಎಂದು, ನಮಿತಾಳ ಕಡೆ ತಿರುಗಿದಳು.

“ಎಂತ ಬರೆದಿದ್ದಾಳೆ ಟೀಚರೇ?”

ಓದಲು ಬಾರದವಳ ಮುಂದೆ ಏನು ಹೇಳಿದರೂ ನಡೆಯುತ್ತಿತ್ತು. ‘ನಮಿತಾ’ ಎಂದರೂ ಮೂರೇ ಅಕ್ಷರ. ಆ ಒಂದು ಕ್ಷಣದಲ್ಲಿ ಅದೂ ಅವಳ ನಾಲಗೆಯ ತುದಿಗೆ ಬಂದಿತ್ತು, ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಬರೆದವಳು ಎದುರಿಗೆ ಕೂತು, ತಾನು ಬರೆದದ್ದು ಸರಿಯೋ ತಪ್ಪೋ ಎಂದು ಅಮ್ಮನ ಬಾಯಿಯನ್ನೇ ನೋಡುತ್ತಿದ್ದಳು.

“ರಂಶೀನಾ,” ಎಂದು ನಮಿತಾ ಓದಿದಳು.

ರಂಶೀನಾ ತನ್ನ ಹೆಸರಿನ ಮೇಲೆ ಮತ್ತೆ ಬಗ್ಗಿದಳು. ಅಕ್ಷಯಾ ಕೂಡಲೇ ಟೀಚರಾಗಿಬಿಟ್ಟಳು. ಕೈ ಮುಚ್ಚಬಾರದು ಅಮ್ಮ, ಮುಚ್ಚಿದರೆ ಹಾಳಾಗುತ್ತದೆ, ಪೂರ್ತಿ ಒಣಗಬೇಕು ಎಂದಳು. ನಮಿತಾ ಎರಡು ಗಂಟೆ ಅಂಗೈ ತೆರೆದುಕೊಂಡು ಕೂತಳು. ಚಹಾ ಬಂದರೆ ಎಡಗೈಯಲ್ಲಿ ಕುಡಿದಳು.

ಬೆಳಗಾಗುವಾಗ ಆ ಹಾಳು ಹೆಸರು ಎಷ್ಟು ಕೆಂಪಗೆ ಹತ್ತಿತ್ತು! ಅದಾದ ಮೇಲೆ ದಿನಾ ನಾಲ್ಕಕ್ಕೆ ಎಡಗೈ, ಇಲ್ಲವೇ ಬಲಗೈ. ಬಲ ಅಂಗೈಯ ನಡುವಿನ ಆ ಹೆಸರು ಮಾಸತೊಡಗಿದರೆ ಅಕ್ಷಯಾ ಬಿಡಳು, ಅದರ ಮೇಲೆಯೇ ಮತ್ತೆ ತಿದ್ದುವಳು. ಅಮ್ಮನ ಹೆಸರಿಗೂ ಸರದಿ ಬಂತು, ಎಡಗೈಯಲ್ಲಿ, ಐದನೇ ದಿನ. ಜೂನಿನಿಂದ ಅಕ್ಷಯಾ ಇನ್ನೊಂದು ವರ್ಷ ಮನೆಯಲ್ಲೇ ಕಲಿಯುವುದು, ಹಗಲು ರಂಶೀನಾಳ ಹತ್ತಿರ, ಸಂಜೆ ಅಮ್ಮನ ಹತ್ತಿರ ಎಂದು ಮಾತಾಯಿತು. ಆ ‘ಹಗಲು’ ಎಂಬುದನ್ನು ಬಾಯಿಬಿಟ್ಟು ಹೇಳುವಾಗ ನಮಿತಾಳಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟವಾಯಿತು.

ಶಾಲೆ ಶುರುವಾದ ದಿನ ಅವಳು ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಪೆನ್ನಿಗೆ ಕೈ ಚಾಚಿದಾಗ ಹೆಡ್‌ಮಾಸ್ಟರು ಜನಾರ್ದನ ಮಾಷ್ಟ್ರ ಕಣ್ಣು ಅವಳ ಅಂಗೈಗೆ ಬಿತ್ತು. ಓರೆಕೋರೆ ಅಕ್ಷರ, ನಡುವಿನದು ಸ್ವಲ್ಪ ದೊಡ್ಡದು. ಇದು ಯಾರ ಹೆಸರು ಟೀಚರೇ ಎಂದು ಅವರು ಕೇಳಿದರು.

“ನನ್ನ ಮಗಳ ಟೀಚರ್‌ದು,” ಎಂದಳು ನಮಿತಾ.

ಹೇಳುವಾಗಲೂ ಹೊಟ್ಟೆಯಲ್ಲಿ ಸಣ್ಣಗೆ ಉರಿಯಿತು. ಸಹಿ ಮುಗಿಸಿ, ಚಾಕ್ ತೆಗೆದುಕೊಂಡು ಒಂದನೇ ಕ್ಲಾಸಿಗೆ ಹೋದಳು.