ದೊಡ್ಡಮ್ಮನ ಕೈಗುಣ

ಇಪ್ಪತ್ತೆರಡು ವರ್ಷ ಕೆಮ್ಮಿನ ಔಷಧದ ಬಾಟಲಿಗಳ ಜೊತೆ ಬದುಕಿದವರಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಕೈಗೆ ಏನು ಸಿಕ್ಕರೂ ಮೊದಲು ಕುಲುಕುವುದು. 'ಬಳಸುವ ಮುನ್ನ ಚೆನ್ನಾಗಿ ಕುಲುಕಿ' ಎಂಬ ಚೀಟಿಯನ್ನು ಲಕ್ಷಗಟ್ಟಲೆ ಬಾಟಲಿಗಳಿಗೆ ಅಂಟಿಸಿದ ಮೇಲೆ ಆ ಮಾತು ಕೈಗೂ ಅಂಟದೆ ಇರುತ್ತದೆಯೇ? ದೊಡ್ಡಮ್ಮ ಎಣ್ಣೆ ಬಾಟಲಿ ಕುಲುಕುತ್ತಿದ್ದಳು, ಉಪ್ಪಿನ ಡಬ್ಬಿ ಕುಲುಕುತ್ತಿದ್ದಳು, ಗಂಡನ ಕನ್ನಡಕದ ಪೆಟ್ಟಿಗೆಯನ್ನೂ ಒಮ್ಮೆ ಕುಲುಕಿಯೇ ಕೊಡುತ್ತಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಹುಟ್ಟಿನಿಂದ ಬಂದದ್ದಲ್ಲ, ಸಂಬಳದಿಂದ ಬಂದ ಗುಣ. ಆದರೂ ಹೋಗಿರಲಿಲ್ಲ.

ಔಷಧದ ಕಾರ್ಖಾನೆ ಮುಚ್ಚಿದ ಮೇಲೆ ಆಕೆ ಸೇರಿದ್ದು ಪ್ರಿಂಟರಿಗೆ ಶಾಯಿಯ ಕಾರ್ಟ್ರಿಡ್ಜ್ ತಯಾರಿಸುವ ಕಂಪನಿಯ ಪರೀಕ್ಷಾ ಕೋಣೆಗೆ. ಅಲ್ಲಿ ಮೂರು ಮೇಜುಗಳು. ಕಿಟಕಿಯ ಪಕ್ಕದ ಒಂದನೇ ಮೇಜು ದೊಡ್ಡಮ್ಮನದು. ನಾಲ್ಕು ವರ್ಷದಲ್ಲಿ ಆ ಸ್ಟೂಲಿನ ಎತ್ತರ ಅವಳ ಮೊಣಕಾಲಿಗೆ ಹೊಂದಿಕೊಂಡಿತ್ತು, ತಕ್ಕಡಿಯ ಮುಳ್ಳು ಅವಳ ಕಣ್ಣಿಗೆ ಹೊಂದಿಕೊಂಡಿತ್ತು. ಉಗುರಿನ ಸಂದಿಯಲ್ಲಿ ಒಂದು ದಿನ ನೀಲಿ, ಒಂದು ದಿನ ಹಳದಿ. ಐವತ್ತಾರರ ವಯಸ್ಸಿಗೆ ಇಷ್ಟು ಇಷ್ಟವಾಗುವ ಕೆಲಸ ಸಿಕ್ಕಿದ್ದು ತನ್ನ ಪುಣ್ಯ ಎಂದು ಆಕೆ ಎಲ್ಲರೆದುರೂ ಹೇಳಿಕೊಳ್ಳುತ್ತಿದ್ದಳು.

ಈಗ ಪರೀಕ್ಷೆಗೆ ಬಂದಿದ್ದದ್ದು ಹೊಸ ಸೆನ್ಸರ್. ಇಂಜಿನಿಯರ್ ಹುಡುಗಿ ಎರಡು ವರ್ಷ ಕಷ್ಟಪಟ್ಟು ಮಾಡಿದ್ದು. ಕಾರ್ಟ್ರಿಡ್ಜಿನೊಳಗೆ, ತಳಕ್ಕಿಂತ ಬೆರಳಗಲ ಮೇಲೆ, ಸೂಜಿಯಂಥ ಎರಡು ಲೋಹದ ಕಡ್ಡಿಗಳು. ಶಾಯಿ ಅಲ್ಲಿಯವರೆಗೆ ಇದ್ದರೆ ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಚೂರು ಕರೆಂಟು ದಾಟುತ್ತದೆ, ಹಸಿರು ದೀಪ ಹೊತ್ತುತ್ತದೆ. ಶಾಯಿ ಕೆಳಗಿಳಿದರೆ ದಾಟಲು ದಾರಿಯಿಲ್ಲ, ಕೆಂಪು ದೀಪ. ಕೆಂಪು ಬರಬೇಕಾದಲ್ಲಿ ಹಸಿರು ಬಂದರೆ ಪ್ರಿಂಟರು ಶಾಯಿ ಇದೆಯೆಂದು ನಂಬಿ, ಬರಿಗಂಟಲಲ್ಲಿ ಓಡಿ ಓಡಿ ಸುಟ್ಟುಹೋಗುತ್ತದೆ.

ಹಾಗಾಗಿ ಬೇಕೆಂದೇ ತಳದಲ್ಲಿ ಚೂರೇ ಚೂರು ಶಾಯಿ ಬಿಟ್ಟ ಕಾರ್ಟ್ರಿಡ್ಜುಗಳನ್ನು ಮೂರೂ ಮೇಜುಗಳಿಗೆ ಹಂಚುತ್ತಿದ್ದರು. ಎಲ್ಲದಕ್ಕೂ ಕೆಂಪೇ ಬರಬೇಕು. ಎರಡನೇ ಮೇಜಿನಲ್ಲಿ ನಲವತ್ತಕ್ಕೆ ನಲವತ್ತೂ ಕೆಂಪು. ಮೂರನೆಯದರಲ್ಲೂ ಹಾಗೆಯೇ. ಒಂದನೇ ಮೇಜಿನಲ್ಲಿ ಮಾತ್ರ ನಲವತ್ತರಲ್ಲಿ ಹದಿನೈದು ಹಸಿರು!

ಮೇಜಿನ ವೈರು ಬದಲಾಯಿಸಿದರು. ದೊಡ್ಡಮ್ಮ ಕೈ ಬೆವರುತ್ತದೇನೋ ಎಂದು ಗ್ಲೌಸ್ ಹಾಕಿಕೊಂಡಳು. ಕೊನೆಗೆ ಮೂರನೇ ಮೇಜಿನಲ್ಲಿ ಕೂರಿಸಿ ನೋಡಿದರು. ಹಸಿರು ಅವಳ ಬೆನ್ನುಬಿದ್ದು ಅಲ್ಲಿಗೂ ಬಂತು.

"ನಿಮ್ಮ ಕೈಗುಣ ದೊಡ್ಡಮ್ಮ," ಎಂದ ಪಕ್ಕದ ಮೇಜಿನ ಉದ್ದಣ್ಣ. "ಖಾಲಿ ಡಬ್ಬಿ ಮುಟ್ಟಿದ್ರೂ ತುಂಬುತ್ತೆ. ನಮ್ಮನೆ ಗ್ಯಾಸ್ ಸಿಲಿಂಡರ್ ಸ್ವಲ್ಪ ಮುಟ್ಟಿ ಹೋಗಿ."

ಎಲ್ಲರೂ ನಕ್ಕರು, ದೊಡ್ಡಮ್ಮನೂ ನಕ್ಕಳು. ಆದರೆ ಪರೀಕ್ಷಾ ಕೋಣೆಯ ಸಾಹೇಬರು ನಗಲಿಲ್ಲ. ಮೂರು ವಾರದ ಲೆಕ್ಕವೆಲ್ಲ ಕೆಟ್ಟಿತ್ತು. ಶುಕ್ರವಾರ ಸಂಜೆ ಅವರು ಕರೆದು, "ಬೇಜಾರು ಮಾಡ್ಕೋಬೇಡಿ. ಸೋಮವಾರದಿಂದ ಪ್ಯಾಕಿಂಗಿಗೆ ಹೋಗಿ. ಅವತ್ತು ಬೆಳಿಗ್ಗೆ ಬಂದು ಲೆಟರ್ ತಗೊಳ್ಳಿ," ಎಂದರು.

ಪ್ಯಾಕಿಂಗ್ ಎಂದರೆ ನೆಲಮಾಳಿಗೆ. ಕಿಟಕಿಯಿಲ್ಲ, ತಕ್ಕಡಿಯಿಲ್ಲ, ರಟ್ಟಿನ ಪೆಟ್ಟಿಗೆಗೆ ಟೇಪು ಅಂಟಿಸುವುದೊಂದೇ ಕೆಲಸ. ದೊಡ್ಡಮ್ಮನಿಗೆ ಅಳು ಬಂತು. ಬಸ್ಸಿನಲ್ಲಿ ಅಳುವ ವಯಸ್ಸಲ್ಲವೆಂದು ತಡೆದುಕೊಂಡು ಮನೆಗೆ ಬಂದಳು.

ಗಡಿಯಾರ ರಿಪೇರಿ ಮಾಡುವ ಗಂಡ ಎಲ್ಲ ಕೇಳಿಸಿಕೊಂಡ. ಸಮಾಧಾನ ಹೇಳಲು ಬಾರದ ಮನುಷ್ಯ. ಅದಕ್ಕೇ, "ಬಾ, ಪಾತ್ರೆ ನಾನು ಒರೆಸ್ತೀನಿ," ಎಂದ.

ಪಾತ್ರೆ ತೊಳೆಯುವ ಸೋಪಿನ ನೀರಿನ ಬಾಟಲಿ ತಳ ಕಂಡಿತ್ತು. ದೊಡ್ಡಮ್ಮ ಅದನ್ನು ನೋಡದೆಯೇ ಎತ್ತಿಕೊಂಡು, ರೂಢಿಯಂತೆ ಗಡಗಡ ಕುಲುಕಿದಳು.

"ಸೋಪು ಮುಗೀತಾ? ನಾಳೆ ತರಲಾ?" ಎಂದ ಗಂಡ.

ಆಕೆ ಬಾಟಲಿಯನ್ನು ದೀಪಕ್ಕೆ ಹಿಡಿದು ನೋಡಿದಳು. "ಬೇಡ. ಇನ್ನೂ ಅರ್ಧಕ್ಕಿಂತ ಮೇಲಿದೆ."

ಪಾತ್ರೆಗಳೆಲ್ಲ ಮುಗಿದು ಕೊನೆಯ ಲೋಟಕ್ಕೆ ಬಂದಾಗ ಗಂಡ ಬಾಟಲಿ ಎತ್ತಿದ. "ಇದೇನೇ ಇದು? ಅರ್ಧ ಇದೆ ಅಂದೆ, ತಳದಲ್ಲಿ ಒಂದು ಬೆರಳಿಲ್ಲ. ಬರೀ ನೊರೆ ನೋಡಿ ಹೇಳಿದ್ಯಾ?"

ದೊಡ್ಡಮ್ಮ ತೊಳೆಯುತ್ತಿದ್ದ ಲೋಟ ಹಿಡಿದೇ ನಿಂತಳು. ನಲ್ಲಿ ಸುರಿಯುತ್ತಲೇ ಇತ್ತು.

"ನೊರೆ," ಎಂದಳು. "ಅಯ್ಯೋ ನನ್ನ ಬುದ್ಧಿಗಿಷ್ಟು! ಕಾರ್ಟ್ರಿಡ್ಜನ್ನೂ ಹೀಗೇ ಕುಲುಕ್ತಿದ್ದೀನಿ ನಾನು!"

ಸೋಮವಾರ ಯಾರೂ ಬರುವ ಮೊದಲೇ ಆಕೆ ಒಂದನೇ ಮೇಜಿನಲ್ಲಿದ್ದಳು. ಹತ್ತು ಕಾರ್ಟ್ರಿಡ್ಜುಗಳನ್ನು ಕುಲುಕದೆ ಪರೀಕ್ಷಾ ಯಂತ್ರಕ್ಕೆ ಹಾಕಬೇಕು. ಹೇಳುವುದು ಸುಲಭ. ಬಲಗೈ ತಾನಾಗಿಯೇ ಮೇಲೆದ್ದರೆ ಎಡಗೈಯಿಂದ ಹಿಡಿದು ಇಳಿಸಬೇಕಾಯಿತು. ಹತ್ತಕ್ಕೆ ಹತ್ತೂ ಕೆಂಪು. ಇನ್ನು ಹತ್ತನ್ನು ಮನಸಾರೆ ಕುಲುಕಿ ಹಾಕಿದಳು. ನಾಲ್ಕು ಹಸಿರು. ಐದು ನಿಮಿಷ ಕಾದಳು. ಒಳಗೆ ಕಡ್ಡಿಗಳನ್ನು ಮುಟ್ಟಿದ್ದ ನೊರೆ ಇಳಿದಂತೆ ಆ ನಾಲ್ಕೂ ಒಂದೊಂದಾಗಿ ಕೆಂಪಾದವು.

ಈಗ ಬಾಯಿ ಮುಚ್ಚಿಕೊಂಡು, ಕೈ ಕಟ್ಟಿಕೊಂಡು ಕೂತರೆ ಮುಗಿಯಿತು. 'ಇನ್ನೊಂದು ದಿನ ನೋಡಿ ಸಾಹೇಬ್ರೆ' ಎಂದು ಕೇಳಿಕೊಂಡರೆ ನಲವತ್ತೂ ಕೆಂಪಾಗುತ್ತವೆ, ಮೇಜು ಉಳಿಯುತ್ತದೆ, ತಪ್ಪು ತನ್ನದೆಂದು ಯಾರಿಗೂ ತಿಳಿಯುವುದಿಲ್ಲ. ಆ ಯೋಚನೆ ಆಕೆಗೆ ಬರಲಿಲ್ಲವೆಂದರೆ ಸುಳ್ಳು. ಚೆನ್ನಾಗಿಯೇ ಬಂತು. ಆದರೆ ಅದರ ಹಿಂದೆಯೇ ತಂಗಿಯ ನೆನಪೂ ಬಂತು. ಜೆರಾಕ್ಸ್ ಅಂಗಡಿ ಇಟ್ಟಿರುವ ತಂಗಿ ಅಕ್ಷರ ಮಸುಕಾದರೆ ಮೊದಲು ಮಾಡುವುದೇನು? ಕಾರ್ಟ್ರಿಡ್ಜನ್ನು ಹೊರಗೆಳೆದು, ಕತ್ತು ಹಿಡಿದು ಕುಲುಕುವುದು! ನಾಳೆ ಅವಳ ಪ್ರಿಂಟರು ಸುಟ್ಟರೆ ಅದಕ್ಕೆ ಯಾರ ಕೈಗುಣ ಅನ್ನುವುದು?

ದೊಡ್ಡಮ್ಮ ಎದ್ದು ಸಾಹೇಬರ ಕೋಣೆಗೆ ಹೋದಳು. ಇಂಜಿನಿಯರ್ ಹುಡುಗಿಯೂ ಅಲ್ಲೇ ಇದ್ದಳು. ಸೋಪಿನಿಂದ ಹಿಡಿದು ಕೆಂಪು ದೀಪದವರೆಗೆ ಆಕೆ ಒಂದನ್ನೂ ಬಿಡದೆ ಹೇಳಿದಳು.

"ಅಂದ್ರೆ ಮೂರು ವಾರ ನೀವೇ ಹಾಳು ಮಾಡಿದ್ದು," ಎಂದರು ಸಾಹೇಬರು.

"ಕುಲುಕಿದ್ದು ನಾನು, ಹೌದು. ಮೋಸ ಹೋಗಿದ್ದು ಸೆನ್ಸರು."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕುಲುಕಬೇಡಿ ಅಂತ ಡಬ್ಬದ ಮೇಲೇ ಬರೆದಿದೆಯಲ್ಲಮ್ಮ. ನಿಮ್ಮನ್ನ ಬಿಟ್ರೆ ಯಾರು ಕುಲುಕ್ತಾರೆ?"

"ಎಲ್ರೂ ಕುಲುಕ್ತಾರೆ ಸಾಹೇಬ್ರೆ. ಡಬ್ಬದ ಮೇಲಿರೋದನ್ನ ಯಾರು ಓದ್ತಾರೆ?"

"ಆಯ್ತು, ಲೆಟರ್ ತಗೊಂಡು ಕೆಳಗೆ ಹೋಗಿ," ಎಂದು ಅವರು ಕಂಪ್ಯೂಟರಿನ ಗುಂಡಿ ಒತ್ತಿದರು. ಮೂಲೆಯ ಪ್ರಿಂಟರು ಗುರ್ ಎಂದಿತು. ಅದರಲ್ಲಿದ್ದದ್ದೂ ಹೊಸ ಸೆನ್ಸರಿನ ಕಾರ್ಟ್ರಿಡ್ಜೇ. ಸಾಹೇಬರು ಹೆಮ್ಮೆಯಿಂದ ಮೊದಲು ತಮ್ಮ ಕೋಣೆಗೇ ಹಾಕಿಸಿಕೊಂಡಿದ್ದರು. ಹೊರಬಂದ ಹಾಳೆಯಲ್ಲಿ ಅಕ್ಷರಗಳು ಇವೆಯೋ ಇಲ್ಲವೋ ಎಂಬಷ್ಟು ಮಸುಕು. ಕೆಂಪು ದೀಪ ಮಿಣಮಿಣ ಅನ್ನುತ್ತಿತ್ತು.

"ಥತ್, ಇದೊಂದು," ಎಂದು ಸಾಹೇಬರು ಎದ್ದರು. ಮುಚ್ಚಳ ತೆಗೆದರು. ಕಾರ್ಟ್ರಿಡ್ಜನ್ನು ಹೊರಗೆಳೆದರು. ಮತ್ತೆ, ಯಾರೊಂದಿಗೋ ಜಗಳವಾಡುವವರಂತೆ, ಅದನ್ನು ಮೂರು ಸಲ ಜೋರಾಗಿ ಕುಲುಕಿ ಒಳಗೆ ತಳ್ಳಿದರು.

ಇಂಜಿನಿಯರ್ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ದೊಡ್ಡಮ್ಮ ದೀಪ ನೋಡಿದಳು. ಹಸಿರು.

ಪ್ರಿಂಟರು ಉತ್ಸಾಹದಿಂದ ಪತ್ರವನ್ನು ಮತ್ತೆ ಮೊದಲಿನಿಂದ ಶುರುಮಾಡಿತು. ಮೊದಲ ಸಾಲು ಕಡುಕಪ್ಪು. ಎರಡನೆಯದು ಅರ್ಧಕ್ಕೇ ಬೂದಿ ಬಣ್ಣ. ಆಮೇಲೆ ಬರೀ ಬಿಳಿ ಹಾಳೆಯ ಮೇಲೆ ಅದು ಅತ್ತಿಂದಿತ್ತ ಓಡಾಡುತ್ತಲೇ ಇತ್ತು, ದೀಪ ಹಸಿರಾಗಿಯೇ ಉರಿಯುತ್ತಿತ್ತು. ಸುಟ್ಟ ವಾಸನೆ ಬರುವ ಮೊದಲು ಹುಡುಗಿ ಓಡಿಹೋಗಿ ಸ್ವಿಚ್ ಆರಿಸಿದಳು.

ಸಾಹೇಬರು ತಮ್ಮ ಬಲಗೈಯನ್ನು ಹೊಸದಾಗಿ ಕಂಡವರಂತೆ ನೋಡಿಕೊಂಡರು.

"ನಿಮ್ಮದೂ ನನ್ನದೇ ಕೈಗುಣ ಸಾಹೇಬ್ರೆ," ಎಂದಳು ದೊಡ್ಡಮ್ಮ.

ಮೊದಲು ನಕ್ಕಿದ್ದು ಸಾಹೇಬರೇ. ನಗು ನಿಂತ ಮೇಲೆ ಹುಡುಗಿ ಒಂದೇ ಉಸಿರಿನಲ್ಲಿ ಹೇಳಿದಳು: ಒಂದು ಸಲ ನೋಡಿ ನಂಬಬಾರದು, ನೊರೆ ಇಳಿಯುವಷ್ಟು ಹೊತ್ತು ಕಾದು ಇನ್ನೊಂದು ಸಲ ನೋಡಬೇಕು, ಎರಡು ಸಲವೂ ಹಸಿರು ಬಂದರೆ ಮಾತ್ರ ಹಸಿರು. ಅದನ್ನು ಪರೀಕ್ಷಿಸಲು ಕುಲುಕುವ ಕೈ ಬೇಕು, ಅದೂ ದಿನಕ್ಕೆ ನಲವತ್ತು ಸಲ, ಬೇಸರವಿಲ್ಲದೆ. "ದೊಡ್ಡಮ್ಮನ್ನ ಕೆಳಗೆ ಕಳಿಸಿದ್ರೆ ನಾನೂ ಕೆಳಗೇ ಹೋಗ್ತೀನಿ," ಎಂದಳು.

"ಯಾರೂ ಎಲ್ಲಿಗೂ ಹೋಗಬೇಡಿ," ಎಂದರು ಸಾಹೇಬರು. "ದೊಡ್ಡಮ್ಮ, ನಿಮ್ಮ ಮೇಜಿಗೆ ಹೋಗಿ ಕುಲುಕಿ."

ಆ ಅರೆಬರೆ ಪತ್ರವನ್ನು ದೊಡ್ಡಮ್ಮ ಕೇಳಿ ಇಸಿದುಕೊಂಡು, ಮಡಚಿ ಮನೆಗೆ ತಂದಳು. ಗಂಡ ಗಡಿಯಾರ ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಓದಿದ. "'ಈ ಮೂಲಕ ತಿಳಿಸುವುದೇನೆಂದರೆ, ಸೋಮವಾರದಿಂದ ತಮ್ಮನ್ನು...' ಮುಂದೆ ಏನೂ ಇಲ್ವಲ್ಲೇ. ತಮ್ಮನ್ನು ಏನ್ಮಾಡಿದಾರಂತೆ?"

"ಕುಲುಕೋಕೆ ಹಾಕಿದಾರೆ."

"ಸಂಬಳ ಕೊಟ್ಟು?"

"ಸಂಬಳ ಕೊಟ್ಟು," ಎಂದು ದೊಡ್ಡಮ್ಮ ಹೊಸ ಸೋಪಿನ ಬಾಟಲಿಯನ್ನು ಎತ್ತಿಕೊಂಡು, ಮುಚ್ಚಳ ತೆಗೆಯುವ ಮೊದಲು ಚೆನ್ನಾಗಿ ಕುಲುಕಿದಳು.