ಗುಂಡಿ ಚಿಕ್ಕಮ್ಮನಿಗೆ ನೀಲಿ ಮೈಕು

ಈ ಮೂಲಕ ಸಮಸ್ತ ನಿವಾಸಿಗಳಿಗೆ, ಅವರ ಮನೆಗೆ ಬಂದುಹೋಗುವ ನೆಂಟರಿಗೆ ಮತ್ತು ಮೆಟ್ಟಿಲ ಕೆಳಗೆ ಮಲಗುವ ಬೆಕ್ಕಿಗೆ ತಿಳಿಯಪಡಿಸುವುದೇನೆಂದರೆ, ನಮ್ಮ ವಸತಿ ಸಂಘದ ಸಭಾಂಗಣಕ್ಕೆ ತಂತಿಯಿಲ್ಲದ ಮೈಕು ಬಂದಿದೆ. ಒಂದಲ್ಲ, ಎರಡು.

ಬೆಕ್ಕಿನ ಪ್ರಸ್ತಾಪವೊಂದನ್ನು ಬಿಟ್ಟರೆ ಅಧ್ಯಕ್ಷರು ಗೋಡೆಗೆ ಅಂಟಿಸಿದ ನೋಟಿಸು ಇದೇ ಗತ್ತಿನಲ್ಲಿತ್ತು. ಕೆಳಗೆ ನಿಯಮಗಳು. ಕೆಂಪು ಪಟ್ಟಿಯ ಮೈಕು ಅಧ್ಯಕ್ಷರಿಗೆ ಮಾತ್ರ, ನೀಲಿ ಪಟ್ಟಿಯದು ಸದಸ್ಯರಿಗೆ ಮಾತ್ರ, ಅದಲುಬದಲು ಕೂಡದು. ಮೈಕಿನಲ್ಲಿ ಕೇಳಿಸಿದ ಮಾತಷ್ಟೇ ನಡಾವಳಿ ಪುಸ್ತಕಕ್ಕೆ ಸೇರುತ್ತದೆ. ಉಳಿದ ಮಾತು ಆಡಿದರೂ ಆಡದಂತೆ. ಪುಸ್ತಕಕ್ಕೆ ಸೇರಿದ ವಿಷಯವನ್ನು ಒಂದು ವರ್ಷ ಮತ್ತೆ ಎತ್ತುವಂತಿಲ್ಲ.

ಪಕ್ಕದಲ್ಲೇ ಭಾನುವಾರದ ಸಭೆಯ ವಿಷಯಪಟ್ಟಿ. ನಾಲ್ಕನೆಯದು ಹೀಗಿತ್ತು: 'ನೆಲಮಹಡಿಯ ಹೊಲಿಗೆ ಕೋಣೆಯನ್ನು ತೆರವು ಮಾಡಿ ಅಧ್ಯಕ್ಷರ ಕಚೇರಿ ಮಾಡುವುದು.'

ಆ ಕೋಣೆಯಲ್ಲಿರುವುದು ಆರು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಒಂದು ಉದ್ದನೆಯ ಮೇಜು, ಒಳ್ಳೆಯ ಬೆಳಕು ಬರುವ ಒಂದು ಕಿಟಕಿ. ಅಧ್ಯಕ್ಷರ ಕಣ್ಣು ಬಿದ್ದದ್ದು ಕಿಟಕಿಯ ಮೇಲೆ. ಒಂಬತ್ತು ಹೆಂಗಸರು ಅಲ್ಲಿ ಕೂತು ದುಡಿಯುತ್ತಾರೆ. ಹದಿನೆಂಟು ವರ್ಷದಿಂದ ಅದನ್ನು ನಡೆಸುತ್ತಿರುವವರು ಗುಂಡಿ ಚಿಕ್ಕಮ್ಮ. ಕಟ್ಟಡದಲ್ಲಿ ಯಾರ ಅಂಗಿಯ ಗುಂಡಿ ಕಿತ್ತುಬಂದರೂ ನಿಂತ ಕಾಲಲ್ಲೇ ಹಾಕಿಕೊಡುತ್ತಿದ್ದರು. ಹೆಸರು ಹಾಗೆ ಬಂದದ್ದು.

ಹಿಂದಿನ ಸಭೆಗಳಲ್ಲೂ ಚಿಕ್ಕಮ್ಮ ಮಾತಾಡಲು ಎದ್ದವರೇ. ಆದರೆ ಹಳೆಯ ಮೈಕಿನ ತಂತಿ ಎರಡನೆಯ ಸಾಲಿಗೇ ಮುಗಿಯುತ್ತಿತ್ತು, ಹೊಲಿಗೆಯವರು ಕೂರುತ್ತಿದ್ದದ್ದು ಐದನೆಯ ಸಾಲಿನಲ್ಲಿ. "ಏನ್ಮಾಡೋದು ಚಿಕ್ಕಮ್ಮ, ತಂತಿ ಸಾಲಲ್ಲ" ಎಂದು ಅಧ್ಯಕ್ಷರು ಕೈಚೆಲ್ಲುತ್ತಿದ್ದರು. ಈಗ ತಂತಿ ಹೋಯಿತು. ಅದರ ಜಾಗಕ್ಕೆ ತಂತ್ರ ಬಂತು.

ಜೋಡಿಸಲು ಬಂದದ್ದು ಅಧ್ಯಕ್ಷರ ಅಳಿಯ. ಮೈಕು ಸ್ಪೀಕರಿನದೇ ಅವನ ಕಸುಬು. ಅವನು ಬರುವ ಹೊತ್ತಿಗೆ ಮಾವ, ಮೈಕಿನ ದನಿ ಹಿಡಿದು ಸ್ಪೀಕರಿಗೆ ದಾಟಿಸುವ ರಿಸೀವರ್ ಡಬ್ಬಿಯನ್ನು ಕಬ್ಬಿಣದ ಬೀರುವಿನೊಳಗಿಟ್ಟು ಬೀಗ ಹಾಕಿದ್ದರು.

"ಮಾವ, ಬೀರು ಒಳಗಿಟ್ರೆ ಮೈಕಿನ ಸಿಗ್ನಲ್ ಹೆಂಗೆ ಒಳಗೆ ಹೋಗುತ್ತೆ?"

"ಬೀಗದ ಕೈ ನನ್ಹತ್ರ ಇದೆಯಲ್ರೀ, ಅಳಿಯಂದ್ರೇ."

ಅಳಿಯ ಆ ಬೀಗದ ಕೈ ಈಸಿಕೊಂಡು, ಡಬ್ಬಿಯನ್ನು ಈಚೆ ತೆಗೆದು ವೇದಿಕೆಯ ಮೇಜಿನ ಮೇಲಿಟ್ಟ. ಅದರ ಎರಡು ಆಂಟೆನಾಗಳನ್ನು ಮೊಲದ ಕಿವಿಯಂತೆ ನಿಮಿರಿಸಿದ. ಖಾಲಿ ಇರುವ ಚಾನೆಲ್ ಹುಡುಕಿ, ಕೆಂಪು ಮೈಕನ್ನು ಒಂದಕ್ಕೆ, ನೀಲಿಯನ್ನು ಎರಡಕ್ಕೆ ಹೊಂದಿಸಿದ. ಅಧ್ಯಕ್ಷರು ಕೆಂಪು ಮೈಕು ಹಿಡಿದು "ಮಾನ್ಯರೇ" ಎನ್ನುತ್ತ ಸ್ಪೀಕರಿನ ಎದುರು ಹಾದರು. ಕಿವಿ ಕಿತ್ತುಬರುವಂಥ ಕೂಗು ಎದ್ದಿತು.

"ಸ್ಪೀಕರ್ ಮುಂದೆ ನಿಲ್ಬೇಡಿ ಮಾವ. ತನ್ನ ಮಾತು ತಾನೇ ಕೇಳಿಸ್ಕೊಂಡ್ರೆ ಹಿಂಗೇ ಕಿರುಚೋದು."

"ಯಾರು?"

"ಮೈಕು, ಮಾವ. ಮೈಕು."

ಆಮೇಲೆ ಅಳಿಯ ಮೈಕಿನ ಹೊಟ್ಟೆ ತೆರೆದು ಬ್ಯಾಟರಿ ತೋರಿಸಿದ. "ಸಭೆ ದಿನ ಹೊಸ ಬ್ಯಾಟರಿ ಹಾಕ್ಕೊಳ್ಳಿ. ಈ ಪುಟ್ಟ ದೀಪ ಹಸಿರಿದ್ರೆ ಸರಿ. ಅದೇನಾದ್ರೂ..."

"ಅದೆಲ್ಲ ಗೊತ್ತು. ನೀಲಿ ಮೈಕಿನ ಸದ್ದು ಇಳಿಸೋ ಗುಂಡಿ ಯಾವುದು, ಅದ್ಹೇಳಿ."

"ಡಬ್ಬಿ ಮೇಲಿರೋ ಎರಡನೇದು. ಯಾಕೆ?"

"ಯಾರಾದ್ರೂ ಜಾಸ್ತಿ ಮಾತಾಡಿದ್ರೆ ಅವ್ರ ಗಂಟಲು ನೋಯಬಾರ್ದು, ಅದಕ್ಕೆ."

"ಮಾವ, ನಾನು ದನಿ ಏರಿಸೋಕೆ ಬಂದೋನು, ಕತ್ತು ಹಿಸುಕೋಕಲ್ಲ" ಎಂದ ಅಳಿಯ. ಮಾವ ಅಷ್ಟರಲ್ಲಿ ಎರಡನೆಯ ಗುಂಡಿಯನ್ನು ಎಡಗೈಯಲ್ಲಿ, ಕಣ್ಣು ಮುಚ್ಚಿ ತಡಕಿ ತಡಕಿ ಅಭ್ಯಾಸ ಮಾಡುತ್ತಿದ್ದರು.

ಕೆಂಪು ಮೈಕು ಅಂದೇ ಅಧ್ಯಕ್ಷರ ಜೊತೆ ಮನೆಗೆ ಹೋಯಿತು. ವಾರವಿಡೀ ಅದನ್ನು ಆನ್ ಮಾಡಿ ಹಿಡಿದು ಕೋಣೆಯಿಂದ ಕೋಣೆಗೆ ಭಾಷಣ ಮಾಡುತ್ತ ತಿರುಗಿದರು. "ಊಟಕ್ಕೆ ಏಳ್ರೀ ಅಂದ್ರೆ, ಮೈಕಲ್ಲಿ 'ಪರಿಶೀಲಿಸ್ತೀನಿ' ಅಂತಾರೆ" ಎಂದು ಅವರ ಹೆಂಡತಿ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಹೇಳಿದರು. ಭಾನುವಾರ ಬೆಳಗ್ಗೆ ಹಸಿರು ದೀಪ ಹೋಗಿ ಕೆಂಪು ದೀಪ ಹೊತ್ತಿಕೊಂಡಿತು. ಅಧ್ಯಕ್ಷರಿಗೆ ಹಿಗ್ಗೋ ಹಿಗ್ಗು. "ನೋಡೇ, ಕೆಂಪು ಮೈಕಿಗೆ ಕೆಂಪು ದೀಪ! ಅಧ್ಯಕ್ಷ ಯಾರು ಅಂತ ಮೈಕಿಗೂ ಗೊತ್ತಾಯ್ತು."

ಸಭೆಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ಅಳಿಯ ಬಾಗಿಲ ಹತ್ತಿರ ನಿಂತಿದ್ದ. ವೇದಿಕೆಯ ಮೇಲೆ ಅಧ್ಯಕ್ಷರು, ಅವರ ಬಲಕ್ಕೆ ನಡಾವಳಿ ಪುಸ್ತಕ ತೆರೆದುಕೊಂಡು ಕಾರ್ಯದರ್ಶಿ. ಈ ಕಾರ್ಯದರ್ಶಿ ಮೂವತ್ತು ವರ್ಷ ಅಚ್ಚಿನ ಮನೆಯಲ್ಲಿ ಕರಡು ತಿದ್ದಿ ನಿವೃತ್ತರಾದವರು. ಎಲ್ಲಾದರೂ ಒಂದು ದೀರ್ಘ ತಪ್ಪಿದ್ದು ಕಂಡರೆ ಅನ್ನ ಸೇರದ ಮನುಷ್ಯ. "ಮೈಕಲ್ಲಿ ಬಂದಷ್ಟೇ ಬರೀರಿ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ" ಎಂದು ಅಧ್ಯಕ್ಷರು ಮೂರು ಸಲ ಹೇಳಿದ್ದರು. ಒಂದೇ ಸಲ ಹೇಳಿದ್ದರೂ ಸಾಕಿತ್ತು.

ಮೊದಲ ಮೂರು ವಿಷಯ ಸರಾಗವಾಗಿ ಮುಗಿದವು. ನಾಲ್ಕನೆಯದಕ್ಕೆ ಐದನೆಯ ಸಾಲಿನಲ್ಲಿ ಚಿಕ್ಕಮ್ಮ ಎದ್ದರು. ನೀಲಿ ಮೈಕು ಕೈಯಿಂದ ಕೈಗೆ ದಾಟಿ ಅವರನ್ನು ತಲುಪಿತು.

"ಹೊಲಿಗೆ ಕೋಣೆ ಖಾಲಿ ಮಾಡೋಕೆ ನಮ್ಮನ್ನ ಯಾರೂ ಕೇ..."

ಸದ್ದು ಇಂಗಿಹೋಯಿತು.

"ಕೇಳಿಸ್ತಿಲ್ಲ ಚಿಕ್ಕಮ್ಮ" ಎಂದು ಕೆಂಪು ಮೈಕು ಗುಡುಗಿತು. "ಮೈಕು ಹಿಡಿಯೋದು ಕತ್ತರಿ ಹಿಡಿದಷ್ಟು ಸುಲಭ ಅಲ್ಲ."

ಮುಂದಿನ ಸಾಲು ನಕ್ಕಿತು. ಚಿಕ್ಕಮ್ಮ ಮೈಕನ್ನು ತಿರುಗಿಸಿ ನೋಡಿದರು. ಸ್ವಿಚ್ಚು ಆನ್ ಇತ್ತು, ದೀಪ ಹಸಿರಿತ್ತು. ಆಮೇಲೆ ವೇದಿಕೆ ನೋಡಿದರು. ಡಬ್ಬಿಯ ಮೇಲೆ ಮೇಜಿನ ಬಟ್ಟೆಯ ಅಂಚು ಹೊದಿಸಿತ್ತು, ಅಧ್ಯಕ್ಷರ ಎಡಗೈ ಮೊಣಕೈವರೆಗೆ ಅದರೊಳಗಿತ್ತು. ಊರವರ ತೋಳಿನ ಅಳತೆ ತೆಗೆದ ಕಣ್ಣಿಗೆ ಅಷ್ಟು ಸಾಕಾಯಿತು. ಮೈಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬರೀ ಬಾಯಲ್ಲೇ ಕೇಳಿದರು.

"ಅಧ್ಯಕ್ಷರೇ, ಬಟ್ಟೆ ಕೆಳಗೆ ನಿಮ್ಮ ಎಡಗೈ ಏನು ಹೊಲೀತಿದೆ?"

ಈ ಸಲ ನಕ್ಕದ್ದು ಹಿಂದಿನ ಸಾಲುಗಳು.

"ಕೂತ್ಕೊಳ್ಳಿ! ಮೈಕಿಲ್ಲದ ಮಾತು ಪುಸ್ತಕಕ್ಕೆ ಸೇರಲ್ಲ."

"ಕೂರಲ್ಲ. ಪುಸ್ತಕಕ್ಕೆ ಸೇರದಿದ್ರೆ ಹೋಗ್ಲಿ, ಕಿವಿಗೆ ಸೇರ್ತಿದೆಯಲ್ಲ? ಆರು ಯಂತ್ರ ಒಟ್ಟಿಗೆ ಓಡೋವಾಗ ಮೂಲೇಲಿರೋಳಿಗೆ ನೂಲು ಬದಲಾಯ್ಸೇ ಅಂತ ಕೂಗಿ ಪಳಗಿದ ಗಂಟಲು ಇದು. ನೀವು ಗುಂಡಿ ತಿರುಗಿಸಿದ್ರೆ ಆ ಡಬ್ಬಿ ಬಾಯಿ ಮುಚ್ಚುತ್ತೆ. ನನ್ನ ಬಾಯಿಗೆ ಗುಂಡಿ ಹಾಕೋಕೆ ಬರೋದು ನನಗೊಬ್ಳಿಗೇ, ಇವತ್ತು ಹಾಕೋ ಮನಸ್ಸಿಲ್ಲ. ಕೋಣೆ ಬಿಡಲ್ಲ. ಬೀಗ ಹಾಕಿದ್ರೆ ಮೆಟ್ಟಿಲ ಮೇಲೆ ಯಂತ್ರ ಇಟ್ಕೊಂಡು ಹೊಲೀತೀವಿ. ನೀವು ದಿನಾ ನಮ್ಮನ್ನ ದಾಟ್ಕೊಂಡೇ ಮನೆಗೆ ಹೋಗಿ!"

ಅವರ ಎಡಕ್ಕೆ ನಾಲ್ವರು, ಬಲಕ್ಕೆ ನಾಲ್ವರು ಎದ್ದು ನಿಂತರು. ಯಾರೋ ಹಿಂದಿನಿಂದ ಕೂಗಿದರು: "ಗುಂಡಿ ಚಿಕ್ಕಮ್ಮಂಗೆ ಗುಂಡಿಗೆ ಇದೆ ಕಣ್ರೀ!"

ಕಾರ್ಯದರ್ಶಿಯ ಪೆನ್ನು ಮಾತ್ರ ಗಾಳಿಯಲ್ಲೇ ಇತ್ತು. ಅದನ್ನು ಕಂಡು ಅಧ್ಯಕ್ಷರಿಗೆ ಜೀವ ಬಂತು. ಎದೆ ಸೆಟೆಸಿ, ಕೆಂಪು ಮೈಕನ್ನು ತುಟಿಗೆ ತಂದರು.

"ವಿರೋಧ ಯಾವುದೂ ಮೈಕಿನಲ್ಲಿ ಕೇಳಿಸದ ಕಾರಣ, ಹೊಲಿಗೆ ಕೋಣೆಯ ವಿಷಯದಲ್ಲಿ ಈ ಸಭೆಯ ನಿರ್ಣಯ: ಅಂಗೀ..."

ಅಧ್ಯಕ್ಷರ ತುಟಿ ಮುಂದಕ್ಕೆ ಹೋಯಿತು. ಸದ್ದು ಹೋಗಲಿಲ್ಲ. ಒಂಬತ್ತು ಹೆಂಗಸರ ಗಲಾಟೆಯಲ್ಲಿ ಅವರ ಬರೀ ಗಂಟಲು ಎರಡನೆಯ ಸಾಲಿಗೂ ಮುಟ್ಟಲಿಲ್ಲ. ಕಾರ್ಯದರ್ಶಿ ಬರೆದರು, ಚುಕ್ಕೆ ಇಟ್ಟರು, ಕೆಳಗೆ ಗೆರೆ ಎಳೆದರು.

"ಅಳಿಯಂದ್ರೇ!" ಎಂದು ಅಧ್ಯಕ್ಷರು ಮೈಕು ಬಡಿದರು.

ಅಳಿಯ ಓಡಿಬಂದು ನೋಡಿದ. "ಮಾವ, ಕೆಂಪು ದೀಪ ಯಾವಾಗಿಂದ ಇತ್ತು?"

"ಬೆಳಗಿಂದ! ಕೆಂಪು ಮೈಕಿಗೆ ಕೆಂಪು ದೀಪ ಅಲ್ವಾ?"

"ಅದು ಬ್ಯಾಟರಿ ಸಾಯ್ತಿದೆ ಅನ್ನೋ ದೀಪ ಮಾವ."

"ಹಂಗಿದ್ರೆ ಆ ನೀಲಿ ಮೈಕು ಕೊಡಿ ಇಲ್ಲಿ!"

"ಸದಸ್ಯರಿಗೆ ಮಾತ್ರ" ಎಂದರು ಚಿಕ್ಕಮ್ಮ, ಕಂಕುಳು ಬಿಗಿಮಾಡಿ. "ಅದಲುಬದಲು ಕೂಡದು."

ಅಳಿಯ ಚೀಲದಿಂದ ಹೊಸ ಬ್ಯಾಟರಿ ತೆಗೆದು ಹಾಕಿದ. ಸಭಾಂಗಣ ನಡುಗುವ ಹಾಗೆ ದನಿ ವಾಪಸು ಬಂತು: "ಅಂಗೀಕಾರ! ನಾನು ಅಂದಿದ್ದು ಅಂಗೀಕಾರ!"

"ಅದು ಈಗ ಅಂದಿದ್ದು" ಎಂದರು ಕಾರ್ಯದರ್ಶಿ, ತಲೆಯೆತ್ತದೆ. "ನಾಲ್ಕನೇ ವಿಷಯ ಆಗ್ಲೇ ಪುಸ್ತಕಕ್ಕೆ ಸೇರ್ತು. ನಿಮ್ಮದೇ ನಿಯಮ, ಒಂದು ವರ್ಷ ಎತ್ತೋ ಹಾಗಿಲ್ಲ."

"ಏನಂತ ಸೇರ್ತು?"

ಕಾರ್ಯದರ್ಶಿ ಕನ್ನಡಕ ಸರಿಮಾಡಿಕೊಂಡು ಓದಿದರು. "ಹೊಲಿಗೆ ಕೋಣೆಯ ವಿಷಯದಲ್ಲಿ ಈ ಸಭೆಯ ನಿರ್ಣಯ: ಅಂಗಿ. ಗೀ ಅಂತ ಎಳೆದ್ರಿ, ಅದು ನಿಮ್ಮ ಉಚ್ಚಾರದ ತಪ್ಪು. ನಾನು ತಿದ್ದಿದೀನಿ."

ಗುಂಡಿ ಚಿಕ್ಕಮ್ಮ ಕೊರಳಲ್ಲಿದ್ದ ಅಳತೆ ಪಟ್ಟಿಯನ್ನು ತೆಗೆದು, ಸಾಲುಗಳ ನಡುವೆ ದಾರಿ ಮಾಡಿಕೊಂಡು ವೇದಿಕೆ ಹತ್ತಿದರು.

"ನಿರ್ಣಯ ಅಂದ್ಮೇಲೆ ನಿರ್ಣಯ. ಆ ಎಡಗೈ ಈಚೆ ತೆಗೀರಿ ಅಧ್ಯಕ್ಷರೇ, ತೋಳಿನ ಅಳತೆ ತಗೋಬೇಕು."