ಮತ್ತಿ ಮರದ ಮುಂದೆ

ಶಹಾಪುರದಲ್ಲಿ ನೀಲಾ ಮತ್ತು ಗಂಡ ರಾಮಲಿಂಗ ನಡೆಸುತ್ತಿದ್ದ ಸ್ಟುಡಿಯೊಗೆ ಜನ ಕೂಸುಗಳನ್ನು ಎತ್ತಿಕೊಂಡು ಬರುತ್ತಿದ್ದುದೇ ನೀಲಾಳಿಗಾಗಿ. ಎಷ್ಟೇ ರಚ್ಚೆ ಹಿಡಿದ ಕೂಸಾದರೂ ನಗಿಸಿಯೇ ಫೋಟೊ ತೆಗೆಯುತ್ತಿದ್ದಳು. ಆ ಮಳೆಗಾಲದಲ್ಲಿ ಅವಳದೇ ಕೂಸು ಹೊಟ್ಟೆಯಲ್ಲೇ ತೀರಿಕೊಂಡು ಹುಟ್ಟಿತು. ನೀಲಾ ಅಳಲಿಲ್ಲ. ದೀಪಾವಳಿಯ ಹೊತ್ತಿಗೆ ಸ್ಟುಡಿಯೊಗೆ ಮರಳಿದಳು. ಆದರೆ ಕೂಸೊಂದು ಎದುರಿಗೆ ಕೂತಾಗ ಬೆರಳು ಗುಂಡಿ ಒತ್ತಲೇ ಇಲ್ಲ. ದುಃಖವೂ ಆಗಲಿಲ್ಲ. "ರೋಲ್ ಮುಗದೈತ್ರಿ, ನಾಳೆ ಬರ್ರಿ" ಎಂದು ಸುಳ್ಳು ಹೇಳಿ ಒಳಗೆ ಹೋಗಿ ಕೂತಳು.

ರಾಮಲಿಂಗ ಅವಳನ್ನು ಖಾನಾಪುರದ ಬಸ್ಸಿಗೆ ಹತ್ತಿಸಿ, ಹಲಸಿಯಲ್ಲಿದ್ದ ತನ್ನ ಅಕ್ಕ ಮಾಯಕ್ಕನ ಮನೆಗೆ ಕರೆದೊಯ್ದ. ತಾನು ಊರಿಗೆ ಮರಳುವಾಗ ಕ್ಯಾಮೆರಾ ಅವಳ ಕೈಗಿಟ್ಟ.

"ಏನರ ತಗಿ. ಮಂದೀದು ಬ್ಯಾಡ."

ಬೇರೆ ಕೆಲಸವಿರಲಿಲ್ಲ. ನೀಲಾ ಊರಾಚೆಯ ಕಾಡಿಗೆ ಹೋಗಿ ಒಂದು ರೋಲು ಮುಗಿಸಿದಳು. ಮುಂದಿನ ರವಿವಾರ ರಾಮಲಿಂಗ ಅದನ್ನು ತೊಳೆದು, ಫೋಟೊ ಮಾಡಿ ತಂದ.

"ಬರೇ ಮರಾ ಅದಾವಲ್ಲ. ಇದರಾಗ ಏನೈತಿ?"

"ಏನಿಲ್ರಿ. ಅದಕ್ಕ ತಗದೆ."

ಅವನು ಹೊಸ ರೋಲು ಹಾಕಿಕೊಟ್ಟು ಹೋದ. ನೀಲಾ ಫೋಟೊಗಳನ್ನು ಮತ್ತೆ ನೋಡಿದಳು. ಎಲ್ಲವೂ ಬೆಳಕು ಸಾಲದೆ ಕಪ್ಪು ಹೊಡೆದಿದ್ದವು. ಇಷ್ಟು ಕೆಟ್ಟದಾಗಿ ಅವಳು ಎಂದೂ ತೆಗೆದಿರಲಿಲ್ಲ.

ಮರುದಿನ ಬೇಗ ಹೋಗಿ ಒಂದು ಮತ್ತಿ ಮರದ ಮುಂದೆ ನಿಂತಳು. ಮೊಸಳೆಯ ಬೆನ್ನಿನಂಥ ಅದರ ತೊಗಟೆಯ ಮೇಲೆ ಬಿಸಿಲು ಬೀಳಬೇಕಿತ್ತು. ಕಾದಳು. ಮಂಜು ಸರಿಯಿತು, ಬಿಸಿಲು ಬಾಜೂ ಮರಕ್ಕೆ ಬಿತ್ತು, ಆಮೇಲೆ ನಿಧಾನಕ್ಕೆ ಇದರ ಬುಡಕ್ಕೆ ಇಳಿಯಿತು. ಉಸಿರು ಹಿಡಿದು ಗುಂಡಿ ಒತ್ತಿದಳು. ಕೆಂಜಿಗ ಇರುವೆಗಳು ಕಾಲಿಗೆ ಮುತ್ತಿದ್ದು ಗೊತ್ತಾದದ್ದು ಆಮೇಲೆಯೇ.

ಮನೆಯಲ್ಲಿ ಮಾಯಕ್ಕ ಬಾತ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕೊಬ್ಬರಿ ಎಣ್ಣೆ ತಿಕ್ಕಿದಳು.

"ಇಷ್ಟ ಕಡಿಯೂತನಕ ಸುಮ್ನ ನಿಂತಿದ್ಯಾ?"

"ಬಿಸಲ ಬರಾಕತ್ತಿತ್ರಿ." ಕಾಲಿನ ಕಡೆಗೇ ನೋಡುತ್ತ ನೀಲಾ ಅಂದಳು, "ಹೆಣ್ಣ ಇತ್ರಿ, ಅಕ್ಕಾರ. ತೆಲಿ ತುಂಬ ಕೂದಲಾ."

ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮಾಯಕ್ಕನ ಕೈ ನಿಲ್ಲಲಿಲ್ಲ.

"ಯಾರ ಹಂಗಿತ್ತು?"

"ಇವರ ಹಂಗ. ಮೂಗು ಪೂರಾ ಇವರದ."

ಅಳು ಬರಬಹುದೆಂದು ಇಬ್ಬರೂ ಕಾದರು. ಬರಲಿಲ್ಲ. ಕಾಲು ಮಾತ್ರ ಉರಿಯುತ್ತಿತ್ತು. ಎಷ್ಟೋ ದಿನಗಳ ಮೇಲೆ ಮೈಯಲ್ಲಿ ಒಂದು ನೋವು ಅವಳಿಗೆ ಸರಿಯಾಗಿ ತಿಳಿಯುತ್ತಿತ್ತು.

ಮಾಯಕ್ಕ ಎದ್ದು ಹೋಗಿ, ತನ್ನ ಗಂಡನ ಹಳೆಯ ಬೂಟುಗಳನ್ನು ತಂದು ಅವಳ ಮುಂದಿಟ್ಟಳು.

"ನಾಳೆ ಇವನ್ನ ಹಾಕ್ಕೊಂಡ ಹೋಗು."